ಗುಡ್ಡ ದ್ವೀಪವಾದ ಮೇಲೆ: ನಾಗಾರ್ಜುನಕೊಂಡದಲ್ಲಿ ಉಳಿದದ್ದೇನು, ಮುಳುಗಿದ್ದೇನು

ಆಂಧ್ರಪ್ರದೇಶದ ನಾಗಾರ್ಜುನಕೊಂಡಕ್ಕೆ ಹೋಗಿ ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. "ನೀರಿನ ನಡುವೆ ಒಂದು ದ್ವೀಪ. ಅಲ್ಲಿ ಬೌದ್ಧ ಭಿಕ್ಷುಗಳು ಇರ್ತಿದ್ರಂತೆ. ಈಗ ಮ್ಯೂಸಿಯಂ ಮಾಡಿದ್ದಾರೆ." ಕೇಳೋಕೆ ಚೆನ್ನಾಗಿದೆ. ಆದರೆ ಇದರಲ್ಲಿ ಅರ್ಧ ಮಾತ್ರ ನಿಜ. ಭಿಕ್ಷುಗಳು ದ್ವೀಪದಲ್ಲಿ ಇರಲಿಲ್ಲ. ಅವರ ಕಾಲದಲ್ಲಿ ಅಲ್ಲಿ ದ್ವೀಪವೇ ಇರಲಿಲ್ಲ, ಒಂದು ಗುಡ್ಡವಿತ್ತು. ಗುಡ್ಡದ ಕೆಳಗೆ ಅಗಲವಾದ ಕಣಿವೆ, ಕಣಿವೆಯ ಅಂಚಿನಲ್ಲಿ ಕೃಷ್ಣಾ ನದಿ. ವಿಹಾರ, ಸ್ತೂಪ, ಅರಮನೆ, ಸ್ನಾನಘಟ್ಟ ಎಲ್ಲ ಇದ್ದದ್ದು ಆ ಕಣಿವೆಯಲ್ಲಿ. ಈಗ ಅದೆಲ್ಲ ನಾಗಾರ್ಜುನಸಾಗರ ಜಲಾಶಯದ ತಳದಲ್ಲಿದೆ. ಅಲ್ಲಿಂದ ಎತ್ತಿ ತಂದ ಒಂದಿಷ್ಟನ್ನು ಗುಡ್ಡದ ತಲೆಯ ಮೇಲೆ ಮತ್ತೆ ಕಟ್ಟಿ, ಪಕ್ಕದಲ್ಲಿ ಮ್ಯೂಸಿಯಂ ಮಾಡಿದ್ದಾರೆ.

ಈ ಚಿಕ್ಕ ತಪ್ಪು ತಿಳಿವಳಿಕೆಗೆ ಇಷ್ಟು ಮಹತ್ವ ಯಾಕೆ? ಒಂದು ಜಾಗವನ್ನು ಮುಳುಗಿಸಿ ಅದರ ಕಲ್ಲುಗಳನ್ನು ಉಳಿಸಿಕೊಂಡಾಗ, ಏನು ಹೋಯಿತು ಅನ್ನೋದನ್ನೂ ಹೇಳುವ ಜವಾಬ್ದಾರಿ ಬರುತ್ತದೆ. ನಾಗಾರ್ಜುನಕೊಂಡದಲ್ಲಿ ಕಲ್ಲು ಉಳಿಸುವ ಕೆಲಸ ಅದ್ಭುತವಾಗಿ ನಡೆಯಿತು. ಹೇಳುವ ಕೆಲಸ ಹಿಂದೆ ಬಿತ್ತು. ಮೇಲಾಗಿ, ಉಳಿಸಿದ್ದನ್ನು ಜನ ಹೋಗಿ ನೋಡುವುದೂ ಈಗ ಸುಲಭವಾಗಿ ಉಳಿದಿಲ್ಲ.

ಕಣಿವೆಯಲ್ಲಿ ಏನಿತ್ತು

ಕ್ರಿ.ಶ. 3 ಮತ್ತು 4ನೇ ಶತಮಾನ. ಶಾತವಾಹನರ ಆಳ್ವಿಕೆ ಮುಗಿದ ಮೇಲೆ ಕೃಷ್ಣೆಯ ಈ ಭಾಗಕ್ಕೆ ಇಕ್ಷ್ವಾಕು ರಾಜರು ಬಂದರು. ಅವರ ರಾಜಧಾನಿ ವಿಜಯಪುರಿ ಇದೇ ಕಣಿವೆಯಲ್ಲಿತ್ತು. ಸುತ್ತ ನಲ್ಲಮಲ ಬೆಟ್ಟಸಾಲು, ಒಂದು ಕಡೆ ನದಿ. ಪ್ರಕೃತಿಯೇ ಕಾವಲು ನಿಂತಂಥ ಜಾಗ.

ಮೊದಲ ರಾಜ ಚಾಂತಮೂಲ ಅಶ್ವಮೇಧ ಮಾಡಿದವನು, ವೈದಿಕ ಸಂಪ್ರದಾಯದವನು. ಆದರೆ ಅವನ ಮನೆಯ ಹೆಣ್ಣುಮಕ್ಕಳು ಬೌದ್ಧ ಸಂಘಕ್ಕೆ ಕೈ ತುಂಬ ಕೊಟ್ಟರು. ಇಲ್ಲಿನ ಮಹಾಚೈತ್ಯ, ಅಂದರೆ ದೊಡ್ಡ ಸ್ತೂಪ, ಎದ್ದು ನಿಂತದ್ದು ಚಾಂತಮೂಲನ ಸೋದರಿ ಚಾಂತಿಸಿರಿಯ ದಾನದಿಂದ. ಅದರ ವ್ಯಾಸ ಸುಮಾರು 32 ಮೀಟರ್. ಒಳಗಡೆ ಗಾಡಿಯ ಚಕ್ರದ ಹಾಗೆ ಅರಗಳಿರುವ ಇಟ್ಟಿಗೆ ಗೋಡೆಗಳು, ಅರಗಳ ನಡುವೆ ಮಣ್ಣು ತುಂಬಿದ ಕಟ್ಟಡ. ಇಷ್ಟು ದೊಡ್ಡ ಗುಮ್ಮಟಕ್ಕೆ ಪೂರ್ತಿ ಇಟ್ಟಿಗೆ ಹಾಕಿದರೆ ಖರ್ಚು ಜಾಸ್ತಿ. ಬರೀ ಮಣ್ಣು ತುಂಬಿದರೆ ಕುಸಿಯುತ್ತದೆ. ಚಕ್ರದ ವಿನ್ಯಾಸ ಎರಡಕ್ಕೂ ಉತ್ತರ. ಕೆಲವು ಸ್ತೂಪಗಳ ಹೊಟ್ಟೆಯಲ್ಲಿ ಅರಗಳ ಬದಲು ಸ್ವಸ್ತಿಕದ ಆಕಾರವೇ ಇತ್ತು. ಹೊರಗೆ ನಾಲ್ಕು ದಿಕ್ಕಿಗೂ ಐದೈದು ಆಯಕ ಕಂಬಗಳು. ಬುದ್ಧನ ಬದುಕಿನ ಐದು ದೊಡ್ಡ ಘಟನೆಗಳ ಗುರುತು ಅವು.

ಕಣಿವೆಯಲ್ಲಿ ಬೌದ್ಧ ನೆಲೆಗಳೇ 30ಕ್ಕೂ ಹೆಚ್ಚು ಸಿಕ್ಕವು. ಒಂದೇ ಪಂಥದವಲ್ಲ. ಅಪರಮಹಾವಿನಸೇಲಿಯರು, ಬಹುಶ್ರುತೀಯರು, ಮಹೀಶಾಸಕರು, ಸಿಂಹಳದ ಥೇರರು (ಹಿರಿಯ ಭಿಕ್ಷುಗಳು), ಎಲ್ಲರಿಗೂ ಬೇರೆ ಬೇರೆ ವಿಹಾರ. ಬುದ್ಧನ ಮೂರ್ತಿ ಇಡಬೇಕೋ, ಸ್ತೂಪ ಒಂದೇ ಸಾಕೋ ಎಂಬುದರಲ್ಲಿ ಅವರಲ್ಲೇ ಒಮ್ಮತ ಇರಲಿಲ್ಲ. ಅದು ಕಟ್ಟಡಗಳ ನಕ್ಷೆಯಲ್ಲೇ ಕಾಣುತ್ತದೆ. ಕೆಲವು ವಿಹಾರಗಳಲ್ಲಿ ಎದುರುಬದುರು ಎರಡು ಗುಡಿ: ಒಂದರಲ್ಲಿ ಸ್ತೂಪ, ಇನ್ನೊಂದರಲ್ಲಿ ಮೂರ್ತಿ. ಸ್ವಲ್ಪ ದೂರದಲ್ಲೇ ಕಾರ್ತಿಕೇಯನಿಗೆ, ಶಿವನಿಗೆ, ಎಂಟು ಕೈಯ ವಿಷ್ಣುವಾದ ಅಷ್ಟಭುಜಸ್ವಾಮಿಗೆ ಗುಡಿಗಳು.

ಕನ್ನಡದವರ ಕಿವಿ ನಿಮಿರುವ ಒಂದು ಸಂಗತಿ ಇದೆ. ಬೋಧಿಸಿರಿ ಎಂಬ ಉಪಾಸಿಕೆ ತಾಂಬಪಣ್ಣಿಯ, ಅಂದರೆ ಶ್ರೀಲಂಕಾದ, ಥೇರರಿಗಾಗಿ ಒಂದು ಚೈತ್ಯಗೃಹ ಕಟ್ಟಿಸಿದಳು. ಆ ಥೇರರು ಧರ್ಮ ಹರಡಿದ ನಾಡುಗಳ ಪಟ್ಟಿ ಅವಳ ಶಾಸನದಲ್ಲಿದೆ: ಕಾಶ್ಮೀರ, ಗಂಧಾರ, ಚೀನ, ವಂಗ, ದಮಿಳ, ಯವನ. ಅದೇ ಸಾಲಿನಲ್ಲಿ ವನವಾಸಿ. ನಮ್ಮ ಬನವಾಸಿಯೇ ಅದು. ಇನ್ನೂ ಹತ್ತಿರದ ನಂಟು ಬೇಕೆಂದರೆ, ರಾಜ ವೀರಪುರುಷದತ್ತನ ಮಗಳು ಕೊಡಬಲಿಸಿರಿ ಬನವಾಸಿಯ ಮಹಾರಾಜನನ್ನು ಮದುವೆಯಾಗಿದ್ದಳು. ಬನವಾಸಿಯ ರಾಣಿಯಾದ ಮೇಲೂ ತವರೂರನ್ನು ಮರೆಯದೆ ಅಲ್ಲಿನ ಮಹೀಶಾಸಕರಿಗೆ ವಿಹಾರ ಕಟ್ಟಿಸಿಕೊಟ್ಟಳು.

ಅಂದಹಾಗೆ, ನಾಗಾರ್ಜುನ ಎಂಬ ಮಹಾ ತತ್ತ್ವಜ್ಞಾನಿ ಇಲ್ಲಿದ್ದ ಎಂದು ಸ್ಥಳೀಯ ನಂಬಿಕೆ ಹೇಳುತ್ತದೆ. ಗುಡ್ಡಕ್ಕೆ ಹೆಸರು ಬಂದದ್ದೂ ಅವನಿಂದಲೇ. ಆದರೆ ಇಕ್ಷ್ವಾಕು ಕಾಲದ ಶಾಸನಗಳು ಈ ಊರನ್ನು ವಿಜಯಪುರಿ ಎಂದೂ ಬೆಟ್ಟವನ್ನು ಸಿರಿಪರ್ವತ ಎಂದೂ ಕರೆಯುತ್ತವೆ.

ಆರು ವರ್ಷದ ಓಟ

ಇಕ್ಷ್ವಾಕುಗಳ ನಂತರ ಕಣಿವೆ ನಿಧಾನವಾಗಿ ಮರೆಗೆ ಸರಿಯಿತು. 1926ರಲ್ಲಿ ಒಬ್ಬ ಶಾಲಾ ಮೇಷ್ಟ್ರು ಅಲ್ಲಿ ಹಳೆಯ ಕಂಬವೊಂದನ್ನು ಕಂಡು ಸುದ್ದಿ ಮುಟ್ಟಿಸಿದರು. ಶಾಸನ ವಿಭಾಗದ ರಂಗಸ್ವಾಮಿ ಸರಸ್ವತಿ ಬಂದು ನೋಡಿದರು. ಮುಂದೆ ಪುರಾತತ್ತ್ವಜ್ಞ ಲಾಂಗ್‌ಹರ್ಸ್ಟ್ 1927ರಿಂದ 1931ರವರೆಗೆ ಅಗೆದರು. 1938ರಲ್ಲಿ ಟಿ.ಎನ್. ರಾಮಚಂದ್ರನ್ ಮತ್ತೆ ಶುರು ಮಾಡಿದರು. ಆಗೆಲ್ಲ ಯಾರಿಗೂ ಅವಸರ ಇರಲಿಲ್ಲ.

ಅವಸರ ಬಂದದ್ದು ಅಣೆಕಟ್ಟಿನಿಂದ. 1955ರ ಡಿಸೆಂಬರ್ 10ರಂದು ಜವಾಹರಲಾಲ್ ನೆಹರೂ ನಾಗಾರ್ಜುನಸಾಗರಕ್ಕೆ ಅಡಿಗಲ್ಲು ಹಾಕಿದರು. ಬರಗಾಲದಲ್ಲಿ ಬೆಂದ ಜಿಲ್ಲೆಗಳಿಗೆ ನೀರು ಬೇಕಿತ್ತು. ಅಣೆಕಟ್ಟು ಬೇಡವಾಗಿತ್ತು ಎಂದು ಇವತ್ತು ಕೂತು ಹೇಳುವುದು ಸುಲಭ. ಆ ಕಾಲುವೆಗಳ ಕೆಳಗೆ ಭತ್ತ ಬೆಳೆದು ಬದುಕಿದವರ ಮುಂದೆ ಆ ಮಾತು ನಿಲ್ಲುವುದಿಲ್ಲ. ಕಣಿವೆಯಲ್ಲಿ ಬದುಕಿದ್ದ ಹಳ್ಳಿಗಳ ಜನ ಎದ್ದು ಹೋಗಬೇಕಾಯಿತು ಎಂಬುದೂ ಅಷ್ಟೇ ದಿಟ. ಮ್ಯೂಸಿಯಂ ಬಗ್ಗೆ ಮಾತಾಡುವಾಗ ಅವರ ಸುದ್ದಿ ಬರುವುದೇ ಕಡಿಮೆ.

ಅಡಿಗಲ್ಲಿಗೂ ಮೊದಲೇ, ಮುಳುಗಡೆ ಖಚಿತ ಎಂದು ಗೊತ್ತಾಗುತ್ತಲೇ, ಪುರಾತತ್ತ್ವ ಇಲಾಖೆ 1954ರಲ್ಲಿ ಆರ್. ಸುಬ್ರಹ್ಮಣ್ಯಂ ಅವರ ಕೈಗೆ ಕೆಲಸ ಕೊಟ್ಟಿತು. 1960ರವರೆಗೆ, ಆರು ವರ್ಷದಲ್ಲಿ, ಕಣಿವೆಯ ನೂರಕ್ಕೂ ಹೆಚ್ಚು ತಾಣಗಳನ್ನು ಅಗೆದು ದಾಖಲಿಸಿದರು. ಹಳೆ ಶಿಲಾಯುಗದ ಕಲ್ಲಿನ ಹತಾರಗಳಿಂದ ಹಿಡಿದು ಮಧ್ಯಯುಗದ ಗುಡಿಗಳವರೆಗೆ ಎಲ್ಲವೂ ಆ ಅಗೆತದಲ್ಲಿ ಬಂದವು. ರೋಮಿನ ಚಿನ್ನದ ನಾಣ್ಯಗಳು ಸಿಕ್ಕವು. ಮಧ್ಯ ಏಷ್ಯಾ ಮೂಲದ ಶಕ ಯೋಧನ ಚಿತ್ರವಿರುವ ಕಂಬ ಸಿಕ್ಕಿತು. ನಾಲ್ಕು ಕಡೆಯೂ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗವಿದ್ದ ಒಂದು ಬಯಲು ರಂಗ ಸಿಕ್ಕಿತು. ಅಂಥದ್ದು ಭಾರತದ ಪ್ರಾಚೀನ ತಾಣಗಳಲ್ಲಿ ಬಲು ಅಪರೂಪ.

ಈಜಿಪ್ಟಿನ ಅಬು ಸಿಂಬೆಲ್ ಕತೆ ನಮಗೆಲ್ಲ ಗೊತ್ತು. ಆಸ್ವಾನ್ ಅಣೆಕಟ್ಟಿಗಾಗಿ 1964ರಿಂದ 1968ರವರೆಗೆ ಆ ದೇವಾಲಯವನ್ನು ತುಂಡು ತುಂಡಾಗಿ ಕತ್ತರಿಸಿ ಸುಮಾರು 65 ಮೀಟರ್ ಮೇಲಕ್ಕೆ ಏರಿಸಿದರು. ಯುನೆಸ್ಕೋ ಜಗತ್ತಿಗೆಲ್ಲ ಕರೆ ಕೊಟ್ಟಿತ್ತು, ಹತ್ತಾರು ದೇಶಗಳ ಹಣ ಬಂತು. ಯುನೆಸ್ಕೋ ಆ ಕರೆ ಕೊಟ್ಟದ್ದು 1960ರಲ್ಲಿ. ಅಷ್ಟು ಹೊತ್ತಿಗೆ ಕೃಷ್ಣಾ ಕಣಿವೆಯ ಅಗೆತ ಮುಗಿಯುತ್ತ ಬಂದಿತ್ತು. ಸ್ವಾತಂತ್ರ್ಯ ಬಂದು ಹತ್ತು ವರ್ಷವೂ ತುಂಬದ ಬಡ ದೇಶವೊಂದು ಇಂಥ ಕೆಲಸಕ್ಕೆ ಕೈ ಹಾಕಿತ್ತು. ಇದನ್ನು ನಾವು ಸಾಕಷ್ಟು ಹೆಮ್ಮೆಯಿಂದ ಹೇಳಿಕೊಂಡಿಲ್ಲ ಅನ್ನೋದು ನನ್ನ ಕೊರಗು.

ಎತ್ತಿ ತರುವುದು ಎಂದರೇನು

ಕಲ್ಲಿನ ಗುಡಿಯನ್ನು ಬಿಚ್ಚಿ ಬೇರೆ ಕಡೆ ಕಟ್ಟುವುದು ಕಷ್ಟ, ಆದರೆ ಆಗುವ ಕೆಲಸ. ಒಂದೊಂದು ಕಲ್ಲಿಗೂ ನಂಬರ್ ಹಾಕುತ್ತಾರೆ, ಅಳತೆ ತೆಗೆಯುತ್ತಾರೆ, ಫೋಟೊ ಹಿಡಿಯುತ್ತಾರೆ, ಹೊಸ ತಳಪಾಯದ ಮೇಲೆ ಅದೇ ಕ್ರಮದಲ್ಲಿ ಜೋಡಿಸುತ್ತಾರೆ. ಇಟ್ಟಿಗೆಯ ಕತೆ ಬೇರೆ. ವಿಜಯಪುರಿಯ ಇಟ್ಟಿಗೆ ಇವತ್ತಿನ ಇಟ್ಟಿಗೆಯ ಹಾಗಿರಲಿಲ್ಲ. ಸುಮಾರು 20 ಅಂಗುಲ ಉದ್ದ, 10 ಅಂಗುಲ ಅಗಲ, 3 ಅಂಗುಲ ದಪ್ಪ. ಎರಡೂ ಕೈ ಬಳಸಿಯೇ ಎತ್ತಬೇಕು. ಸಾವಿರದ ಏಳುನೂರು ವರ್ಷ ಮಣ್ಣಿನ ಒದ್ದೆಯಲ್ಲಿ ಕೂತ ಅಂಥ ಇಟ್ಟಿಗೆಯನ್ನು ಗೋಡೆಯಿಂದ ಬಿಡಿಸುವಾಗ ಅಂಚು ಉದುರುತ್ತದೆ, ಮೂಲೆ ಒಡೆಯುತ್ತದೆ. ಇಟ್ಟಿಗೆ ಕಟ್ಟಡವನ್ನು ಸ್ಥಳಾಂತರ ಮಾಡಿದಾಗ ನಕ್ಷೆ ಹಳೆಯದು ಉಳಿಯುತ್ತದೆ, ಮೈ ಬಹುಪಾಲು ಹೊಸದಾಗುತ್ತದೆ.

ಹಾಗಾಗಿ ಆಯ್ಕೆ ಮಾಡಲೇಬೇಕಾಯಿತು. ನೂರಾರು ಕಟ್ಟಡಗಳಲ್ಲಿ ಒಂಬತ್ತನ್ನು ಗುಡ್ಡದ ಮೇಲೆ ಮತ್ತೆ ಕಟ್ಟಿದರು. ಹದಿನಾಲ್ಕನ್ನು ಚಿಕ್ಕ ಮಾದರಿಗಳಾಗಿ ಮಾಡಿಟ್ಟರು. ಬಯಲು ರಂಗವನ್ನೂ ಇನ್ನು ಕೆಲವನ್ನೂ ದಡದ ಮೇಲಿನ ಅನುಪು ಎಂಬಲ್ಲಿಗೆ ಸಾಗಿಸಿದರು. ಕೆತ್ತನೆಯ ಚಪ್ಪಡಿಗಳು, ಶಾಸನಗಳು, ಮೂರ್ತಿಗಳು ಗುಡ್ಡದ ಮೇಲಿನ ಮ್ಯೂಸಿಯಂಗೆ ಬಂದವು. ವಿಹಾರದ ಆಕಾರದಲ್ಲೇ ಕಟ್ಟಿದ ಆ ಮ್ಯೂಸಿಯಂ 1966ರಲ್ಲಿ ತೆರೆಯಿತು. ಮರುವರ್ಷ ಆಗಸ್ಟ್‌ನಲ್ಲಿ ಇಂದಿರಾ ಗಾಂಧಿ ಕಾಲುವೆಗಳಿಗೆ ನೀರು ಬಿಟ್ಟರು.

ಮ್ಯೂಸಿಯಂನಲ್ಲಿ ಜನ ಸಾಮಾನ್ಯವಾಗಿ ಬುದ್ಧನ ದೊಡ್ಡ ಮೂರ್ತಿಯ ಮುಂದೆ ನಿಲ್ಲುತ್ತಾರೆ. ನಿಲ್ಲಲೇಬೇಕು, ಅಷ್ಟು ಚೆಂದವಿದೆ. ಆದರೆ ಈ ಕಣಿವೆಯ ನಿಜವಾದ ದನಿ ಬೇಕಾದರೆ ಛಾಯಾಕಂಬಗಳನ್ನು ನೋಡಬೇಕು. ನಮ್ಮ ವೀರಗಲ್ಲಿನ ಹಿರಿಯಕ್ಕ ಎನ್ನಬಹುದಾದ ಸ್ಮಾರಕ ಅದು. ತಿಳಿ ಹಸಿರು ಮಿಶ್ರಿತ ಬೂದು ಬಣ್ಣದ ಸುಣ್ಣಕಲ್ಲು. ತೀರಿಹೋದವರ ನೆನಪಿಗೆ ನೆಟ್ಟ ಕಲ್ಲುಗಳಿವು. ರಾಜರಿಗೂ ಇವೆ, ಯುದ್ಧದಲ್ಲಿ ಬಿದ್ದವರಿಗೂ ಇವೆ, ಕುಶಲಕರ್ಮಿಗಳಿಗೂ ಇವೆ. ಚಾಂತಮೂಲ ರಾಜ ತೀರಿಕೊಂಡ ಮೇಲೆ ಅವನ ಮನೆಯ ಹೆಂಗಸರು ನಿಲ್ಲಿಸಿದ ಕಂಬವೂ ಒಂದಿದೆ. ತಾಯಂದಿರು, ಸೋದರಿಯರು, ಪತ್ನಿಯರು ಎಂದು ಅವರ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಅದೊಂದು ರಾಜಶಾಸನ ನಿಜ, ಆದರೆ ಓದಿದರೆ ಸಾವಿನ ಮನೆಯ ಪಡಸಾಲೆಯಲ್ಲಿ ಸೇರಿದ ಹೆಂಗಸರೇ ಕಣ್ಣಿಗೆ ಬರುತ್ತಾರೆ.

ಇಂಥ ಕಂಬ ಎಲ್ಲಿ ನೆಟ್ಟಿತ್ತು? ಯಾವ ದಾರಿಯ ಪಕ್ಕ? ಅದರ ಎದುರು ಏನಿತ್ತು? ಅಗೆದವರು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಗೋಡೆಗೆ ಒರಗಿಸಿದ ಕಂಬ ಮಾತ್ರ ಅದನ್ನು ಹೇಳುವುದಿಲ್ಲ. ಇನ್ನು ಆ ಬರಹದ ಗತಿ ಏನಾಯಿತು ನೋಡಿ. 1960ಕ್ಕೆ ಮುಗಿದ ಉತ್ಖನನದ ವರದಿಯ ಮೊದಲ ಸಂಪುಟ ಅಚ್ಚಾದದ್ದು 1975ರಲ್ಲಿ. ಇಕ್ಷ್ವಾಕು ಕಾಲವನ್ನು ಒಳಗೊಂಡ ಎರಡನೇ ಸಂಪುಟ 2006ರಲ್ಲಿ. ಅಗೆತ ಮುಗಿದು 46 ವರ್ಷದ ಮೇಲೆ. ಬೇರೆ ಕಡೆಯಾದರೆ ವರದಿ ತಡವಾದರೂ ಜಾಗವಾದರೂ ಇರುತ್ತದೆ, ಹೋಗಿ ನೋಡಬಹುದು. ಇಲ್ಲಿ ಜಾಗ ನೀರಿನಡಿ ಹೋಗಿದೆ. ಈಗ ಆ ವರದಿಯೇ ಜಾಗ. ಹಾಗಿದ್ದೂ ಅರ್ಧ ಶತಮಾನ ಕಾಯಬೇಕಾದದ್ದು ಸಣ್ಣ ಲೋಪ ಅಲ್ಲ.

ದೋಣಿ ಬಂದರೆ ದರ್ಶನ

ಈಗ ಇವತ್ತಿನ ತೊಡಕಿಗೆ ಬರೋಣ. ದ್ವೀಪಕ್ಕೆ ರಸ್ತೆ ಇಲ್ಲ. ಹಳೆಯ ರಾಜಧಾನಿಯ ಹೆಸರನ್ನೇ ಹೊತ್ತ ಈಗಿನ ಊರು ವಿಜಯಪುರಿ ಸೌತ್‌ನ ಜೆಟ್ಟಿಯಿಂದ ಸುಮಾರು 11 ಕಿಲೋಮೀಟರ್ ಲಾಂಚ್‌ನಲ್ಲೇ ಹೋಗಬೇಕು. ಲಾಂಚ್ ನಿಂತರೆ ಮ್ಯೂಸಿಯಂ ಬಾಗಿಲು ತೆರೆದಿದ್ದರೂ ಮುಚ್ಚಿದ ಹಾಗೇ.

ಲಾಂಚ್ ನಿಲ್ಲೋಕೆ ಕಾರಣ ಬೇಕಾದಷ್ಟಿವೆ. ಮೊದಲನೆಯದು ನೀರಿನ ಮಟ್ಟ. ಜಲಾಶಯ ತುಂಬಿದಾಗ 590 ಅಡಿ. ನೀರಾವರಿಗೆ ಬಳಸುತ್ತ ಬಂದ ಹಾಗೆ 510 ಅಡಿಯವರೆಗೆ ಇಳಿಸಬಹುದು. ಅಂದರೆ 80 ಅಡಿ ಏರಿಳಿತ. ಎಂಟು ಅಂತಸ್ತಿನ ಕಟ್ಟಡದಷ್ಟು. ಮಳೆಗಾಲ ಮುಗಿದಾಗ ದೋಣಿಗೆ ಸರಿಯಾಗಿ ಸಿಗುವ ದಡ, ಬೇಸಿಗೆ ಬರುವ ಹೊತ್ತಿಗೆ ಎಲ್ಲೋ ಮೇಲೆ ಒಣಗಿ ನಿಂತಿರುತ್ತದೆ.

ಎರಡನೆಯದು ಸುರಕ್ಷತೆ. 2019ರ ಸೆಪ್ಟೆಂಬರ್‌ನಲ್ಲಿ ಗೋದಾವರಿಯ ಕಚ್ಚುಲೂರು ಬಳಿ ಪ್ರವಾಸಿ ದೋಣಿ ಮುಳುಗಿ ಹಲವಾರು ಜನ ತೀರಿಕೊಂಡರು. ಅದಾದ ಮೇಲೆ ಆಂಧ್ರದಲ್ಲಿ ಪ್ರವಾಸಿ ದೋಣಿಗಳನ್ನು ನಿಲ್ಲಿಸಿ ನಿಯಮ ಬಿಗಿ ಮಾಡಿದರು. ಬಿಗಿ ಮಾಡಿದ್ದು ಸರಿ. ಅದರ ಬೆನ್ನಿಗೇ ಕೋವಿಡ್ ಬಂತು.

ಮೂರನೆಯದು, ಮತ್ತು ಎಲ್ಲಕ್ಕಿಂತ ಗೋಜಲಿನದು, ಯಜಮಾನರು ಯಾರು ಅನ್ನೋದು. ಮ್ಯೂಸಿಯಂ ಕೇಂದ್ರದ ಪುರಾತತ್ತ್ವ ಇಲಾಖೆಯದು. ಲಾಂಚ್ ಓಡಿಸುವುದು ರಾಜ್ಯದ ಪ್ರವಾಸೋದ್ಯಮದವರು. ಸುತ್ತಲಿನ ಕಾಡು ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಮೀಸಲು ಪ್ರದೇಶ. ನೀರನ್ನು ಎಷ್ಟು ಬಿಡಬೇಕು ಅನ್ನೋದು ಎರಡು ರಾಜ್ಯಗಳ ನೀರಾವರಿ ಇಲಾಖೆಗಳಿಗೂ ಕೃಷ್ಣಾ ನದಿ ನಿರ್ವಹಣಾ ಮಂಡಳಿಗೂ ಸೇರಿದ ವಿಷಯ. 2014ರಲ್ಲಿ ಆಂಧ್ರ ಒಡೆದಾಗ ಕೃಷ್ಣೆಯೇ ಗಡಿಯಾಯಿತು. ದ್ವೀಪ ಆಂಧ್ರಕ್ಕೆ ಬಂತು. 2023ರ ನವೆಂಬರ್ 30ರಂದು, ತೆಲಂಗಾಣದ ಮತದಾನದ ದಿನವೇ, ಆಂಧ್ರ ಪೊಲೀಸರು ಅಣೆಕಟ್ಟಿನ 26 ಗೇಟುಗಳಲ್ಲಿ 13ರವರೆಗೆ ಹಿಡಿತಕ್ಕೆ ತೆಗೆದುಕೊಂಡು ಬಲದಂಡೆ ಕಾಲುವೆಗೆ ನೀರು ಬಿಟ್ಟರು. ಕೊನೆಗೆ ಕೇಂದ್ರ ಮೀಸಲು ಪಡೆ ಬಂದು ನಿಲ್ಲಬೇಕಾಯಿತು. ನೀರಿಗಾಗಿ ಪೊಲೀಸರು ಎದುರುಬದುರು ನಿಲ್ಲುವ ಜಾಗದಲ್ಲಿ ಒಂದು ಮ್ಯೂಸಿಯಂನ ದೋಣಿ ಸಮಯಕ್ಕೆ ಹೊರಡಲಿ ಎಂದು ಚಿಂತಿಸುವವರು ಯಾರು?

ಈ ನಡುವೆ ತೆಲಂಗಾಣ ತನ್ನ ಕಡೆಯ ದಡದಲ್ಲಿ 274 ಎಕರೆಯ ಬುದ್ಧವನಂ ಕಟ್ಟಿ 2022ರ ಮೇನಲ್ಲಿ ತೆರೆಯಿತು. ದೊಡ್ಡ ಸ್ತೂಪ, ಹೊಸ ಶಿಲ್ಪಗಳು, ಬಸ್ಸು ಬಾಗಿಲವರೆಗೆ. ಚೆನ್ನಾಗಿಯೇ ಇದೆ, ಬೇಡ ಅನ್ನಲಾರೆ. ಆದರೆ ಹೀಗೇ ಬಿಟ್ಟರೆ ಒಂದು ವಿಚಿತ್ರ ಪರಿಸ್ಥಿತಿ ಬರುತ್ತದೆ. ಹೊಸದಾಗಿ ಮಾಡಿದ್ದನ್ನು ಲಕ್ಷ ಜನ ನೋಡುತ್ತಾರೆ. ಮೂಲ ಕಲ್ಲು, ಕೊಡಬಲಿಸಿರಿ ಬರೆಸಿದ ಅಕ್ಷರ, ನೀರಿನಾಚೆ ಕಾಯುತ್ತಿರುತ್ತದೆ.

ಪರಿಹಾರ ಆಕಾಶದಿಂದ ಇಳಿಯಬೇಕಿಲ್ಲ. ನೀರಿನ ಜತೆಗೇ ಏರಿ ಇಳಿಯುವ ತೇಲುವ ಜೆಟ್ಟಿಗಳು ಜಗತ್ತಿನ ಎಷ್ಟೋ ಜಲಾಶಯಗಳಲ್ಲಿವೆ. ಎರಡೂ ದಡದಿಂದ ಒಂದೇ ಟಿಕೆಟ್‌ನಲ್ಲಿ ಹೋಗುವ ವ್ಯವಸ್ಥೆ ಮಾಡಲು ಎರಡು ಪ್ರವಾಸೋದ್ಯಮ ನಿಗಮಗಳು ಒಂದು ಮೇಜಿನ ಸುತ್ತ ಕೂತರೆ ಸಾಕು. ಪುರಾತತ್ತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ. ಅದನ್ನು ಜೆಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ದೂರದಿಂದ ಬಂದವರು ಪೆಚ್ಚಾಗುವುದು ತಪ್ಪುತ್ತದೆ. ದೋಣಿ ಹೊರಡದ ದಿನಕ್ಕೆ ದಡದಲ್ಲೇ ಒಂದು ಪುಟ್ಟ ಪ್ರದರ್ಶನ ಬೇಕು. ಅನುಪು ಅದಕ್ಕೆ ಹೇಳಿ ಮಾಡಿಸಿದ ಜಾಗ, ರಸ್ತೆಯಲ್ಲೇ ಹೋಗಬಹುದು.

ಆದರೆ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಕೆಲಸ ಒಳಗಡೆ ಇದೆ. ಮ್ಯೂಸಿಯಂನಲ್ಲಿ ಮುಳುಗಿದ ಕಣಿವೆಯ ಮಾದರಿ ಒಂದಿದೆ. ಅದೇ ಮೊದಲು ಕಾಣಬೇಕು, ಶಿಲ್ಪ ಆಮೇಲೆ. ಒಳಗೆ ಕಾಲಿಟ್ಟ ಕೂಡಲೇ "ನೀವು ನಿಂತಿರುವುದು ಇಲ್ಲಿ, ಅವರು ಬದುಕಿದ್ದು ಅಲ್ಲಿ" ಎಂದು ತೋರಿಸಬೇಕು. ಆರು ವರ್ಷದ ಅಳತೆ, ನಕ್ಷೆ, ಫೋಟೊಗಳೆಲ್ಲ ಇರುವಾಗ ಇಡೀ ವಿಜಯಪುರಿಯನ್ನು ಕಂಪ್ಯೂಟರ್‌ನಲ್ಲಿ ಕಟ್ಟಿ ಬೀದಿ ಬೀದಿ ನಡೆಸಬಹುದು. ಮುಳುಗಿದ ಹಳ್ಳಿಗಳ ಹೆಸರುಗಳೂ ಅದರಲ್ಲಿ ಬರಬೇಕು. ತೆಲುಗಿನಲ್ಲಿ ಸರಳವಾದ ಪುಸ್ತಕ ಬೇಕು. ಬನವಾಸಿಯ ನಂಟಿಗಾದರೂ ಕನ್ನಡದಲ್ಲೊಂದು ಬರಲಿ.

ಈ ಪ್ರಶ್ನೆ ನಾಗಾರ್ಜುನಕೊಂಡಕ್ಕೇ ನಿಲ್ಲುವುದಿಲ್ಲ. ಇದೇ ಕೃಷ್ಣೆಯ ಮೇಲೆ ಶ್ರೀಶೈಲಂ ಅಣೆಕಟ್ಟು ಬಂದಾಗ ಬಾದಾಮಿ ಚಾಲುಕ್ಯರ ಕಾಲದ ಕೂಡವೆಲ್ಲಿ ಸಂಗಮೇಶ್ವರ ಗುಡಿಯನ್ನು ಬಿಚ್ಚಿ ಆಲಂಪುರದಲ್ಲಿ ಕಟ್ಟಿದರು. ಎರಡು ನದಿ ಸೇರುವ ಜಾಗದ ದೇವರಿಗೆ ಸಂಗಮೇಶ್ವರ ಎಂಬ ಹೆಸರು ಉಳಿಯಿತು, ಸಂಗಮ ಉಳಿಯಲಿಲ್ಲ. ಟರ್ಕಿಯಲ್ಲಿ ಟೈಗ್ರಿಸ್ ದಡದ ಹಸನ್‌ಕೇಫ್ ಮುಳುಗುವ ಮುನ್ನ, 2017ರಲ್ಲಿ, 15ನೇ ಶತಮಾನದ ಝೈನಲ್ ಬೇ ಗೋರಿಯನ್ನು ಇಡಿಯಾಗಿ ಗಾಲಿಗಳ ಮೇಲೆ ಸಾಗಿಸಿದರು. ಸಾವಿರ ಟನ್‌ಗೂ ಹೆಚ್ಚು ತೂಕ. ತಂತ್ರಜ್ಞಾನ ಎಷ್ಟೋ ಮುಂದೆ ಬಂದಿದೆ. ಆದರೆ ಗೋರಿಯನ್ನು ಸಾಗಿಸಬಹುದು, ಅದರ ಮುಂದೆ ಹರಿಯುತ್ತಿದ್ದ ನದಿಯನ್ನು ಸಾಗಿಸೋಕೆ ಆಗಲ್ಲ, ಅಲ್ವಾ?

ನಾಗಾರ್ಜುನಕೊಂಡದಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುವ ಜಾಗ ಒಂದಿದೆ. ನದಿ ದಡದಲ್ಲಿದ್ದ ಸ್ನಾನಘಟ್ಟವನ್ನೂ ಗುಡ್ಡದ ಮೇಲೆ ತಂದು ಕಟ್ಟಿದ್ದಾರೆ. ಸುಣ್ಣಕಲ್ಲಿನ ಚಪ್ಪಡಿಗಳು, ಅಚ್ಚುಕಟ್ಟಾದ ಮೆಟ್ಟಿಲು. ಭಿಕ್ಷುಗಳು, ವ್ಯಾಪಾರಿಗಳು, ದೂರದ ನಾಡಿನಿಂದ ಬಂದ ಯಾತ್ರಿಕರು ಇದರ ಮೇಲೆ ಕಾಲಿಟ್ಟು ಕೃಷ್ಣೆಗೆ ಇಳಿದವರು. ಈಗ ಆ ಮೆಟ್ಟಿಲು ಇಳಿದರೆ ಸಿಗುವುದು ಒಣ ನೆಲ. ಅದರ ಪಕ್ಕದಲ್ಲಿ ಒಂದು ಫಲಕ ಬೇಕು. ಈ ಮೆಟ್ಟಿಲು ಮೊದಲು ಎಲ್ಲಿತ್ತು, ಇಲ್ಲಿಂದ ಯಾವ ದಿಕ್ಕಿಗೆ, ಎಷ್ಟು ದೂರ, ಇವತ್ತು ಅದರ ಮೇಲೆ ಎಷ್ಟು ಅಡಿ ನೀರು ನಿಂತಿದೆ, ಇಷ್ಟನ್ನು ಬರೆದರೆ ಸಾಕು. ನೀರಿನ ಮಟ್ಟ ದಿನಾ ಬದಲಾಗುತ್ತದೆ. ಆ ಕೊನೆಯ ಅಂಕಿಯನ್ನು ಬೆಳಗ್ಗೆ ಬಾಗಿಲು ತೆರೆಯುವವರು ಸೀಮೆಸುಣ್ಣದಲ್ಲಿ ಬರೆಯಲಿ.